ಹಂಚಿಕೊಂಡ ಮಾಡ್ಯೂಲ್ ಎಲ್ಲಿರಬೇಕು? ಒಂದೇ ರೆಪೋ, ಸಬ್‌ಮಾಡ್ಯೂಲ್, ಬೈನರಿ ಪ್ಯಾಕೇಜ್: ಒಂದು ಹೋಲಿಕೆ

ಎರಡು ಅಂಗಡಿ. ಎರಡರಲ್ಲೂ ನಮ್ಮದೇ ಬಿಲ್ಲಿಂಗ್ ಸಾಫ್ಟ್‌ವೇರ್. ಒಂದು ಕಡೆ ಬಿಲ್ಲಿನ ಕೆಳಗೆ ‘ಸಾಗಣೆ ಖರ್ಚು’ ಅಂತ ಸರಿಯಾಗಿ ಅಚ್ಚಾಗುತ್ತಿತ್ತು. ಇನ್ನೊಂದು ಕಡೆ ಅರ್ಕಾವತ್ತು ಒಡೆದು ‘ಖರ್‌ಚು’ ಅಂತ ಬರುತ್ತಿತ್ತು. ಫೋನ್ ಮಾಡಿ, ‘ಅಬೌಟ್’ ತೆರೆದು ನಂಬರ್ ಓದಿ ಅಂದೆವು. ಎರಡೂ ಕಡೆ 2.3.1.

ಅರ್ಧ ದಿನ ಪ್ರಿಂಟರ್ ಮೇಲೆ, ಫಾಂಟ್ ಮೇಲೆ ಅನುಮಾನ ಪಟ್ಟೆವು. ಕೊನೆಗೆ ಎರಡೂ ಕಡೆಯ ಲೈಬ್ರರಿ ಫೈಲಿನ ಎಸ್‌ಎಚ್‌ಎ256 ಹ್ಯಾಶ್ (ಫೈಲಿನ ಬೆರಳಚ್ಚು ಇದ್ದಂತೆ) ತೆಗೆದು ನೋಡಿದರೆ ಎರಡೂ ಬೇರೆ ಬೇರೆ. ತಂಡದಲ್ಲಿ ಒಬ್ಬರು, ಸರಿ, ನಾನೇ, ಒಂದು ಶುಕ್ರವಾರ ಸಂಜೆ ಅರ್ಕಾವತ್ತಿನ ದೋಷ ಸರಿಮಾಡಿದ್ದೆ. ‘ಸಣ್ಣದು ತಾನೆ’ ಅಂತ ಹಂಚಿಕೆಯ ಫೋಲ್ಡರಿನಲ್ಲಿದ್ದ 2.3.1ರ ಮೇಲೇ ಹೊಸ ಫೈಲ್ ಹಾಕಿ ಮನೆಗೆ ಹೋಗಿದ್ದೆ. ಅದಕ್ಕೆ ಮುಂಚೆ ಇನ್‌ಸ್ಟಾಲ್ ಆದ ಅಂಗಡಿಗೆ ಹಳೆಯದು ಹೋಗಿತ್ತು, ಆಮೇಲಿನದಕ್ಕೆ ಹೊಸದು. ನಂಬರ್ ಮಾತ್ರ ಒಂದೇ.

ಆ ಲೈಬ್ರರಿಯ ಹೆಸರು ‘ರಶೀದಿ’. ಕೆಲಸ ಸಣ್ಣದು. ಥರ್ಮಲ್ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರ ಇರುವುದಿಲ್ಲ. ಹಾಗಾಗಿ ಪ್ರತಿ ಸಾಲನ್ನೂ ಚಿತ್ರವಾಗಿ ಬಿಡಿಸಿ ಕಳಿಸಬೇಕು. 80 ಎಂಎಂ ಕಾಗದದ ಮಾಮೂಲಿ ಪ್ರಿಂಟರಿಗೆ ಚಿತ್ರದ ಅಗಲ 576 ಚುಕ್ಕೆ. ಈ ಮಾಡ್ಯೂಲನ್ನು ನಾವು ಮೂರು ಕಡೆ ಬಳಸುತ್ತೇವೆ: ವಿಂಡೋಸಿನ ಕೌಂಟರ್ ಆ್ಯಪ್, ಅಂಗಡಿಯಲ್ಲಿ ಕೂರುವ ಲಿನಕ್ಸ್ ಪೆಟ್ಟಿಗೆ, ಮತ್ತೆ ಬಿಲ್ಲನ್ನು ಪಿಡಿಎಫ್ ಮಾಡುವ ಸರ್ವರ್. ಮೂವರಿಗೂ ಬೇಕಾದ ಇಂಥ ಮಾಡ್ಯೂಲನ್ನು ಎಲ್ಲಿಡಬೇಕು, ಹೇಗೆ ಕೊಡಬೇಕು? ನಾಲ್ಕು ದಾರಿಗಳಿವೆ. ನಾವು ನಾಲ್ಕನ್ನೂ ತುಳಿದಿದ್ದೇವೆ.

ಹೋಲಿಸುವಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಮಾಡ್ಯೂಲ್ ಬದಲಾದ ಮೇಲೆ ಅದನ್ನು ಬಳಸುವವರು ಯಾವತ್ತು ಹೊಸದಕ್ಕೆ ಬರಬೇಕು ಅಂತ ತೀರ್ಮಾನಿಸುವವರು ಯಾರು? ಮಾಡ್ಯೂಲ್ ಬರೆದವರಾ, ಬಳಸುವವರಾ? ಟೂಲ್ ಯಾವುದು, ಭಾಷೆ ಯಾವುದು ಅನ್ನುವುದೆಲ್ಲ ಆಮೇಲೆ.

ನಕಲು ಮಾಡಿ ಇಟ್ಟುಕೊಳ್ಳುವುದು

ಇದನ್ನು ಎಲ್ಲರೂ ಬೈಯುತ್ತಾರೆ, ಎಲ್ಲರೂ ಮಾಡುತ್ತಾರೆ. ಇನ್ನು ಬದಲಾಗುವುದಿಲ್ಲ ಅಂತ ಗೊತ್ತಿರುವ ಇನ್ನೂರು ಸಾಲಿನ ಕೋಡಿಗೆ ಇದೇ ಸರಿ. ನಕಲಿನ ತಲೆಯಲ್ಲಿ ‘ಇಂಥ ಕಡೆಯಿಂದ, ಇಂಥ ಕಮಿಟ್‌ನಿಂದ ತಂದಿದ್ದು’ ಅಂತ ಒಂದು ಸಾಲು ಬರೆದಿಡಿ, ಸಾಕು. (ಕಮಿಟ್ ಅಂದರೆ ಕೋಡಿನ ಇತಿಹಾಸದಲ್ಲಿ ದಾಖಲಾದ ಒಂದು ಬದಲಾವಣೆ.) ಬದಲಾಗುವ ಕೋಡಿಗೆ ಬೇಡ. ಮೂರನೇ ತಿಂಗಳಿಗೆ ಮೂರು ನಕಲು ಮೂರು ಜಾತಿ ಆಗಿರುತ್ತವೆ.

ಒಂದೇ ರೆಪೋ

ಎಲ್ಲವೂ ಒಂದೇ ಗಿಟ್ ರೆಪೋದಲ್ಲಿ, ಅಂದರೆ ಕೋಡನ್ನು ಅದರ ಬದಲಾವಣೆಗಳ ಇತಿಹಾಸದ ಜೊತೆ ಇಡುವ ಒಂದೇ ಸಂಗ್ರಹದಲ್ಲಿ. ರಶೀದಿಯ ಒಂದು ಫಂಕ್ಷನ್ನಿನ ಹೆಸರು ಬದಲಿಸಿದರೆ, ಅದೇ ಕಮಿಟ್‌ನಲ್ಲಿ ಮೂರೂ ಆ್ಯಪ್ ಸರಿಮಾಡುತ್ತೀರಿ. ಬಿಟ್ಟುಹೋದದ್ದಿದ್ದರೆ ಬಿಲ್ಡ್ (ಕೋಡನ್ನು ಓಡುವ ಪ್ರೋಗ್ರಾಮಾಗಿ ಕಟ್ಟುವುದು) ಅಲ್ಲೇ ನಿಲ್ಲುತ್ತದೆ. ನಡುವೆ ವರ್ಷನ್ ನಂಬರೇ ಇಲ್ಲ, ಹಾಗಾಗಿ ನಂಬರಿನ ಗೊಂದಲವೂ ಇಲ್ಲ. ಇಲ್ಲಿ ತೀರ್ಮಾನ ಬರೆದವರದ್ದು. ಬಳಸುವವರು ‘ಮುಂದಿನ ತಿಂಗಳು ನೋಡ್ತೀವಿ’ ಅನ್ನುವಂತಿಲ್ಲ.

ಈ ಮಾತು ಬಂದಾಗ ಯಾರಾದರೊಬ್ಬರು ಗೂಗಲ್ ಹೆಸರು ತೆಗೆಯುತ್ತಾರೆ. ಅವರ ಒಂದೇ ರೆಪೋದಲ್ಲಿ ಸುಮಾರು 200 ಕೋಟಿ ಸಾಲು ಕೋಡ್, 86 ಟೆರಾಬೈಟ್ ಇದೆ ಅಂತ ಅವರ ಎಂಜಿನಿಯರುಗಳೇ 2016ರಲ್ಲಿ ಬರೆದಿದ್ದರು. ನಿಜ. ಆದರೆ ಅದಕ್ಕಾಗಿ ಅವರು ಗಿಟ್ ಬಳಸದೆ ಸ್ವಂತ ವ್ಯವಸ್ಥೆಯನ್ನೇ ಕಟ್ಟಿಕೊಂಡರು. ನಮ್ಮದು ಆರು ಜನರ ತಂಡ, ರೆಪೋ 400 ಎಂಬಿ. ಆ ಹೋಲಿಕೆಯಿಂದ ನಮಗೆ ಪರವಾಗಿಯೂ ಏನೂ ಸಿಗುವುದಿಲ್ಲ, ವಿರುದ್ಧವಾಗಿಯೂ ಸಿಗುವುದಿಲ್ಲ. ಈ ಗಾತ್ರಕ್ಕೆ ಗಿಟ್ ಸುಮ್ನೆ ಸಾಕಾಗುತ್ತದೆ.

ಕಷ್ಟ ಬರುವುದು ಎರಡು ಕಡೆ. ಒಂದು, ಬಿಲ್ಡ್ ಸಮಯ. ಬಿಲ್ಲಿನ ಒಂದು ಪದ ತಿದ್ದಿದರೂ ಸರ್ವರಿನ ಟೆಸ್ಟ್ ಪೂರ್ತಿ ಓಡುತ್ತದೆ, ಯಾವ ಫೋಲ್ಡರ್ ಬದಲಾದರೆ ಯಾವುದು ಓಡಬೇಕು ಅಂತ ಸಿಐಗೆ (ಬದಲಾವಣೆ ಬಂದಾಗಲೆಲ್ಲ ತಾನೇ ಬಿಲ್ಡ್, ಟೆಸ್ಟ್ ಓಡಿಸುವ ವ್ಯವಸ್ಥೆ) ಹೇಳಿಕೊಡದಿದ್ದರೆ. ಎರಡು, ಹೊರಗಿನವರು. ಕೋಡಿನ ಒಂದು ಭಾಗವನ್ನು ಮಾತ್ರ ಕೊಡಬೇಕಾದ ಪಾಲುದಾರರು ಬಂದರೆ ಗಿಟ್‌ನಲ್ಲಿ ಅರ್ಧ ರೆಪೋಗೆ ಮಾತ್ರ ಓದುವ ಅನುಮತಿ ಕೊಡಲು ಆಗುವುದಿಲ್ಲ.

ನಿಮ್ಮ ಮಾಡ್ಯೂಲ್ ಇಲ್ಲಿಗೆ ಸೇರಿದ್ದಾ ಅಂತ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಮಾಡ್ಯೂಲಿನ ಕೊನೆಯ ಇಪ್ಪತ್ತು ಬದಲಾವಣೆ ತೆಗೆದು ನೋಡಿ. ಎಷ್ಟು ಸಲ ಜೊತೆಗೆ ಆ್ಯಪನ್ನೂ ಮುಟ್ಟಬೇಕಾಯಿತು? ನಮಗೆ ಹದಿನಾಲ್ಕು ಬಂತು. ಇಪ್ಪತ್ತರಲ್ಲಿ ಹದಿನಾಲ್ಕು ಸಲ ಜೊತೆಗೇ ಬದಲಾಗುವುದನ್ನು ಎರಡು ಮಾಡ್ಯೂಲ್ ಅಂತ ಕರೆಯುವುದು ನಾವೇ ಇಟ್ಟುಕೊಂಡ ಹೆಸರು ಅಷ್ಟೇ. ಕೋಡಿಗೆ ಅದು ಗೊತ್ತಿಲ್ಲ.

ಸಬ್‌ಮಾಡ್ಯೂಲ್

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವವರ ದಾರಿ. ರಶೀದಿಗೆ ಬೇರೆ ರೆಪೋ. ಆ್ಯಪಿನ ರೆಪೋ ಒಳಗೆ ಅದರದ್ದೊಂದು ಫೋಲ್ಡರ್. ಆ ಫೋಲ್ಡರಿನ ಬಗ್ಗೆ ಆ್ಯಪಿನ ರೆಪೋ ನೆನಪಿಟ್ಟುಕೊಳ್ಳುವುದು ಒಂದು ಕಮಿಟ್ ಐಡಿ ಮಾತ್ರ. ತೀರ್ಮಾನ ಬಳಸುವವರದ್ದು: ಅವರು ಆ ಐಡಿ ಬದಲಿಸುವ ತನಕ ಹಳೆಯದೇ ಇರುತ್ತದೆ. ಸೋರ್ಸ್ (ಬರೆದ ಮೂಲ ಕೋಡ್) ಕೈಯಲ್ಲಿರುತ್ತದೆ, ಡಿಬಗ್ ಮಾಡುವಾಗ ನೇರ ಒಳಗೆ ಇಳಿಯಬಹುದು. ಯಾವ ಕಂಪೈಲರ್ ಇದ್ದರೂ ಅದರಲ್ಲೇ ಬಿಲ್ಡ್ ಆಗುತ್ತದೆ. ಕಾಗದದ ಮೇಲೆ ಬಹಳ ಚೆನ್ನಾಗಿದೆ.

ದಿನ ಬಳಸುವಾಗ ಬೇರೆ. ಹೊಸಬರು ರೆಪೋ ಕ್ಲೋನ್ ಮಾಡುತ್ತಾರೆ, ರಶೀದಿಯ ಫೋಲ್ಡರ್ ಖಾಲಿ. ಸಬ್‌ಮಾಡ್ಯೂಲುಗಳನ್ನೂ ತಾ ಅಂತ ಗಿಟ್‌ಗೆ ಬೇರೆಯಾಗಿ ಹೇಳಬೇಕು, ಅದು ಯಾರಿಗೂ ನೆನಪಿರುವುದಿಲ್ಲ. ಅಪ್‌ಡೇಟ್ ಮಾಡಿದ ಮೇಲೆ ಆ ಫೋಲ್ಡರ್ ಯಾವ ಬ್ರಾಂಚಿನ ಮೇಲೂ ಇರುವುದಿಲ್ಲ. ಅಲ್ಲೇ ಕಮಿಟ್ ಮಾಡಿ, ಮತ್ತೊಮ್ಮೆ ಅಪ್‌ಡೇಟ್ ಮಾಡಿದರೆ ಬರೆದದ್ದು ಕಣ್ಣಿಗೆ ಕಾಣದಂತಾಗುತ್ತದೆ. ಹುಡುಕಿದರೆ ಸಿಗುತ್ತದೆ, ಆದರೆ ಆ ಹತ್ತು ನಿಮಿಷ ಎದೆ ಬಡಿತ ಜಾಸ್ತಿ.

ಇನ್ನೊಂದು ನಮಗೆ ಎರಡು ಸಲ ಆಗಿದೆ. ಸಬ್‌ಮಾಡ್ಯೂಲಿನಲ್ಲಿ ಕಮಿಟ್ ಮಾಡಿ, ಅದನ್ನು ಪುಶ್ ಮಾಡಲು ಮರೆತು, ಆ್ಯಪಿನ ರೆಪೋ ಮಾತ್ರ ಪುಶ್ ಮಾಡಿದರು. ಅವರ ಗಣಕದಲ್ಲಿ ಎಲ್ಲ ಸರಿ. ಬೇರೆ ಎಲ್ಲರಿಗೂ, ಇಲ್ಲದ ಕಮಿಟ್ ಐಡಿ. ಪುಶ್ ಮಾಡುವಾಗ ಸಬ್‌ಮಾಡ್ಯೂಲನ್ನೂ ಪರೀಕ್ಷಿಸು ಅಂತ ಗಿಟ್‌ನಲ್ಲಿ ಸೆಟ್ಟಿಂಗ್ ಇದೆ. ಸಬ್‌ಮಾಡ್ಯೂಲ್ ಬಳಸುವುದಾದರೆ ಮೊದಲ ದಿನವೇ ಎಲ್ಲರ ಗಣಕದಲ್ಲೂ ಅದನ್ನು ಹಾಕಿಬಿಡಿ.

ಆದರೂ ನನ್ನ ದೊಡ್ಡ ತಕರಾರು ಬೇರೆ. ಕಮಿಟ್ ಐಡಿ ನೋಡಿದರೆ ಅದು ಹಳೆಯದಾ ಹೊಸದಾ, ಬದಲಾವಣೆ ದೊಡ್ಡದಾ ಸಣ್ಣದಾ ಅಂತ ಗೊತ್ತಾಗುವುದಿಲ್ಲ. ರಿವ್ಯೂ ಮಾಡುವವರ ಮುಂದೆ ಬರುವುದು ನಲವತ್ತು ಅಕ್ಷರ ಹೋಗಿ ಬೇರೆ ನಲವತ್ತು ಅಕ್ಷರ ಬಂದ ಒಂದು ಸಾಲು. ಎಲ್ಲರೂ ಸುಮ್ನೆ ಒಪ್ಪಿಗೆ ಒತ್ತುತ್ತಾರೆ. ಬಳಸುವವರು ಎರಡೇ ತಂಡ, ಇಬ್ಬರಿಗೂ ಸೋರ್ಸ್ ಬೇಕೇ ಬೇಕು ಅನ್ನುವಾಗ ಮಾತ್ರ ನಾನು ಇದನ್ನು ಆರಿಸುತ್ತೇನೆ.

ಬೈನರಿ ಪ್ಯಾಕೇಜ್

ರಶೀದಿಯನ್ನು ಒಂದು ಕಡೆ ಬಿಲ್ಡ್ ಮಾಡಿ, ನಂಬರ್ ಕೊಟ್ಟು, ಒಂದು ಜಾಗದಲ್ಲಿ ಇಡುವುದು. ಬಳಸುವವರು ‘ರಶೀದಿ 2.4.0’ ಅಂತ ತಮ್ಮ ಪಟ್ಟಿಯಲ್ಲಿ ಬರೆದುಕೊಳ್ಳುತ್ತಾರೆ. ಬೇಕಾದಾಗ 2.5.0 ಅಂತ ತಿದ್ದುತ್ತಾರೆ. ಅವರಿಗೆ ಕಂಪೈಲ್ ಮಾಡುವ ಗೋಜಿಲ್ಲ, ಸೋರ್ಸ್ ನೋಡುವ ಅಗತ್ಯವೂ ಇಲ್ಲ. ನಿಮ್ಮ ಮೇಜಿನ ಹತ್ತಿರ ಬಂದು ಕೇಳಲಾಗದ ಜನರಿಗೆ ಕೊಡುವುದಾದರೆ ಇದೇ ದಾರಿ.

ಭಾಷೆಯ ಮೇಲೆ ಈ ದಾರಿಯ ಬೆಲೆ ತುಂಬಾ ಬದಲಾಗುತ್ತದೆ. ಜಾವಾದಲ್ಲಿ ಬಿಲ್ಡ್ ಆಗಿ ಬರುವ ಜಾರ್ ಫೈಲ್ ಒಂದೇ, ಎಲ್ಲ ಕಡೆ ಓಡುತ್ತದೆ. ಗೋದಲ್ಲಿ ಮಾಡ್ಯೂಲ್ ಸಿಗುವುದೇ ಸೋರ್ಸಾಗಿ, ಹಾಗಾಗಿ ಪ್ರಶ್ನೆಯೇ ಏಳುವುದಿಲ್ಲ. ರಶೀದಿ ಸಿ++ನಲ್ಲಿದೆ. ಅಲ್ಲಿ ಒಂದು ನಂಬರ್ ಅಂದರೆ ಒಂದು ಫೈಲ್ ಅಲ್ಲ, ಫೈಲುಗಳ ಒಂದು ಸಂಸಾರ.

ಎಣಿಸಿ ನೋಡಿ. ವಿಂಡೋಸ್, ಲಿನಕ್ಸ್: ಎರಡು. ಲಿನಕ್ಸ್ ಪೆಟ್ಟಿಗೆ ಕೆಲವು ಕಡೆ ಇಂಟೆಲ್, ಕೆಲವು ಕಡೆ ಆರ್ಮ್: ಒಟ್ಟು ಮೂರು. ವಿಂಡೋಸಿನಲ್ಲಿ ಡಿಬಗ್ ಬಿಲ್ಡ್, ರಿಲೀಸ್ ಬಿಲ್ಡ್ ಬೇರೆ ಬೇರೆ ರನ್‌ಟೈಮ್ ಲೈಬ್ರರಿ ಬಳಸುತ್ತವೆ. ಒಂದರಲ್ಲಿ ಪಡೆದ ಮೆಮೊರಿಯನ್ನು ಇನ್ನೊಂದರಲ್ಲಿ ಬಿಟ್ಟರೆ ಆ್ಯಪ್ ಬಿದ್ದುಹೋಗುತ್ತದೆ. ಹಾಗಾಗಿ ಅದಕ್ಕೂ ಒಂದು: ನಾಲ್ಕು. ಇದರ ಮೇಲೆ, ಹೆಚ್ಚಿನ ಪ್ರೋಗ್ರಾಮುಗಳು ನೆಚ್ಚಿರುವ ಲಿನಕ್ಸಿನ ಮೂಲ ಲೈಬ್ರರಿ ಜಿಲಿಬ್‌ಸಿ ಕಥೆ. ಉಬುಂಟು 22.04ರಲ್ಲಿ ಇರುವುದು ಜಿಲಿಬ್‌ಸಿ 2.35, 20.04ರಲ್ಲಿ 2.31. ಹೊಸದರಲ್ಲಿ ಕಂಪೈಲ್ ಮಾಡಿದ ‘ನಮಸ್ಕಾರ’ ಅಂತ ಮಾತ್ರ ಹೇಳುವ ಪ್ರೋಗ್ರಾಮನ್ನು ಹಳೆಯದಕ್ಕೆ ಒಯ್ದರೂ ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಅಂತ ನಿಲ್ಲುತ್ತದೆ. ಹಳೆಯದರಲ್ಲಿ ಮಾಡಿದ್ದು ಹೊಸದರಲ್ಲಿ ಓಡುತ್ತದೆ. ಅದಕ್ಕೇ ಹಳೆಯ ಲಿನಕ್ಸಿನ ಕಂಟೈನರಿನಲ್ಲಿ ಬಿಲ್ಡ್ ಮಾಡಬೇಕು. ಪೈಥಾನ್ ಲೋಕದವರು ಇದನ್ನು ‘ಮೆನಿಲಿನಕ್ಸ್’ ಅಂತ ನಿಯಮವನ್ನೇ ಮಾಡಿಕೊಂಡರು. ಅವರ 2014ರ ಮಟ್ಟ ಅಂದರೆ ಸೆಂಟ್‌ಒಎಸ್ 7ರ ಜಿಲಿಬ್‌ಸಿ 2.17.

ಕಂಪೈಲರ್ ಕೂಡ ಸುಮ್ಮನಿರುವುದಿಲ್ಲ. 2015ರಲ್ಲಿ ಜಿಸಿಸಿ 5 ಬಂದಾಗ ಸಿ++ನ ಸ್ಟ್ರಿಂಗ್ ಮೆಮೊರಿಯಲ್ಲಿ ಕೂರುವ ರೀತಿಯೇ ಬದಲಾಯಿತು. ಹಳೆಯ ರೀತಿಯಲ್ಲಿ ಬಿಲ್ಡ್ ಆದ ಲೈಬ್ರರಿ, ಹೊಸ ರೀತಿಯ ಆ್ಯಪ್: ಲಿಂಕ್ ಮಾಡುವಾಗ ‘ಅಂಥ ಫಂಕ್ಷನ್ನೇ ಇಲ್ಲ’ ಅನ್ನುತ್ತದೆ. ಹೆಡರ್ ತೆರೆದರೆ ಫಂಕ್ಷನ್ ಕಣ್ಣೆದುರೇ ಇರುತ್ತದೆ. ತಪ್ಪಿಸಿಕೊಳ್ಳಲು ನಾವು ಮಾಡಿದ್ದು, ರಶೀದಿಯ ಹೊರಗಿನ ಬಾಗಿಲನ್ನು ಪೂರ್ತಿ ಸಿ ಶೈಲಿಗೆ ಇಳಿಸಿದ್ದು. ಪಾಯಿಂಟರ್, ಪೂರ್ಣಾಂಕ, ಅಕ್ಷರಸಾಲು, ಅಷ್ಟೇ. ಜೊತೆಗೆ ರಶೀದಿ ಕೊಟ್ಟ ಮೆಮೊರಿಯನ್ನು ರಶೀದಿಯೇ ಬಿಡಬೇಕು ಅಂತ ನಿಯಮ ಮಾಡಿಕೊಂಡ ಮೇಲೆ ಆ ಡಿಬಗ್ ಫೈಲ್ ಕೂಡ ಬೇಡವಾಯಿತು. ಒಳಗೆ ಬೇಕಾದ್ದು ಮಾಡಿಕೊಳ್ಳಿ. ಸಿ++ ಬೈನರಿ ಹಂಚುವವರು ಇದೊಂದನ್ನು ಮಾಡಿದರೂ ಅರ್ಧ ತಲೆನೋವು ಹೋಗುತ್ತದೆ.

ಇಷ್ಟನ್ನೂ ಕೈಯಲ್ಲಿ ಲೆಕ್ಕ ಇಡಬೇಡಿ. ಕೋನನ್ ಅನ್ನುವ ಟೂಲ್ ಒಎಸ್, ಪ್ರೊಸೆಸರ್, ಕಂಪೈಲರ್, ಬಿಲ್ಡ್ ಬಗೆ ಎಲ್ಲ ಸೇರಿಸಿ ಒಂದು ಹ್ಯಾಶ್ ಮಾಡುತ್ತದೆ. ಅದಕ್ಕೆ ಸರಿಹೊಂದುವ ಬೈನರಿ ಇದ್ದರೆ ಕೊಡುತ್ತದೆ, ಇಲ್ಲದಿದ್ದರೆ ಸೋರ್ಸಿನಿಂದ ಕಟ್ಟು ಅಂತ ಹೇಳಬಹುದು. ಮೈಕ್ರೋಸಾಫ್ಟಿನ ವಿಸಿಪಿಕೆಜಿ ಉಲ್ಟಾ: ಮೊದಲು ಸೋರ್ಸಿನಿಂದಲೇ ಕಟ್ಟುತ್ತದೆ, ಕಟ್ಟಿದ್ದನ್ನು ಉಳಿಸಿಟ್ಟು ಮುಂದಿನ ಸಲ ಅದನ್ನೇ ಕೊಡುತ್ತದೆ. ನಿಮ್ಮದೇ ಲೈಬ್ರರಿಗಳನ್ನು ಹಲವು ನಂಬರುಗಳಲ್ಲಿ ಹಂಚುವುದಿದ್ದರೆ ಕೋನನ್. ಹೊರಗಿನ ತೆರೆದ ಲೈಬ್ರರಿಗಳನ್ನು ತರಿಸಿಕೊಳ್ಳುವುದೇ ಮುಖ್ಯವಾದರೆ ವಿಸಿಪಿಕೆಜಿ, ಕಲಿಯುವುದೂ ಸುಲಭ.

ನಂಬರಿನ ವಿಷಯ

ಒಮ್ಮೆ ಕೊಟ್ಟ ನಂಬರನ್ನು ಮತ್ತೆ ಮುಟ್ಟಬಾರದು. ಮೇಲಿನ ಖರ್ಚಿನ ಕಥೆ ಓದಿದವರಿಗೆ ಕಾರಣ ಬೇಕಿಲ್ಲ. ತಪ್ಪಾಯಿತಾ? 2.3.2 ಮಾಡಿ. ನಂಬರಿಗೆ ದುಡ್ಡಿಲ್ಲ.

ಹಾಗಾದರೆ ಇನ್ನೂ ಪರೀಕ್ಷೆಯಲ್ಲಿರುವುದನ್ನು ಹೇಗೆ ಹಂಚುವುದು? ಜಾವಾದ ಬಿಲ್ಡ್ ಟೂಲ್ ಮೇವನ್‌ನಲ್ಲಿ ಇದಕ್ಕೇ ‘ಸ್ನ್ಯಾಪ್‌ಶಾಟ್’ ಅಂತ ಇದೆ. ಅದೇ ಹೆಸರಿನ ಕೆಳಗೆ ಒಳಗಿನದು ಬದಲಾಗುತ್ತಿರುತ್ತದೆ. ಹೊಸದು ಬಂದಿದೆಯಾ ಅಂತ ಮೇವನ್ ಮಾಮೂಲಿಯಾಗಿ ದಿನಕ್ಕೆ ಒಂದು ಸಲ ಮಾತ್ರ ನೋಡುತ್ತದೆ. ಬೆಳಗ್ಗೆ ಹಾಕಿದ್ದು ಪಕ್ಕದವರಿಗೆ ನಾಳೆ ಸಿಗುತ್ತದೆ, ‘ನನ್ನಲ್ಲಿ ಓಡ್ತಿದೆಯಲ್ಲ’ ಅನ್ನುವ ಜಗಳ ಇಂದೇ ಶುರು. ತಂಡದ ಒಳಗೆ ಸ್ನ್ಯಾಪ್‌ಶಾಟ್ ಪರವಾಗಿಲ್ಲ. ಗ್ರಾಹಕರಿಗೆ ಹೋಗುವ ಬಿಲ್ಡಿನಲ್ಲಿ ಒಂದೇ ಒಂದು ಸ್ನ್ಯಾಪ್‌ಶಾಟ್ ಇದ್ದರೂ ಸಿಐ ಅದನ್ನು ತಡೆಯಬೇಕು. ಇದರ ಬದಲು 2.4.0-ಆರ್‌ಸಿ.1, ಆರ್‌ಸಿ.2 ಅಂತ (ರಿಲೀಸಿಗೆ ಮುಂಚಿನ ಪ್ರಯತ್ನ ಒಂದು, ಎರಡು) ಬಿಡುವುದು ನನಗೆ ಇಷ್ಟ. ಒಂದೊಂದೂ ಬೇರೆ ಫೈಲ್, ಮತ್ತೆ ಸೆಮ್ಯಾಂಟಿಕ್ ವರ್ಷನಿಂಗ್ ಅನ್ನುವ ನಂಬರಿನ ನಿಯಮಗಳ ಪ್ರಕಾರ ಅವು 2.4.0ಗಿಂತ ಹಿಂದಿನವು ಅಂತ ಟೂಲುಗಳಿಗೂ ಅರ್ಥವಾಗುತ್ತದೆ.

ಬಿಟ್ಟದ್ದನ್ನು ಅಳಿಸಲೂಬೇಡಿ. 2016ರ ಮಾರ್ಚಿನಲ್ಲಿ ‘ಲೆಫ್ಟ್‌ಪ್ಯಾಡ್’ ಅನ್ನುವ 11 ಸಾಲಿನ ಪ್ಯಾಕೇಜನ್ನು ಬರೆದವರು ಜಾವಾಸ್ಕ್ರಿಪ್ಟಿನ ಪ್ಯಾಕೇಜ್ ಭಂಡಾರವಾದ ಎನ್‌ಪಿಎಂನಿಂದ ತೆಗೆದುಬಿಟ್ಟರು. ಅದರ ಹೆಸರನ್ನೇ ಕೇಳಿರದ ಎಷ್ಟೋ ಪ್ರಾಜೆಕ್ಟುಗಳ ಬಿಲ್ಡ್ ಲೋಕದ ತುಂಬ ನಿಂತುಹೋಯಿತು. ರಸ್ಟ್ ಭಾಷೆಯ ಪ್ಯಾಕೇಜ್ ಟೂಲ್ ಕಾರ್ಗೋದಲ್ಲಿ ಇದಕ್ಕೆ ಒಳ್ಳೆ ಉಪಾಯವಿದೆ. ಕೆಟ್ಟ ನಂಬರನ್ನು ‘ಯಾಂಕ್’ ಮಾಡಿದರೆ ಹೊಸಬರಿಗೆ ಅದು ಸಿಗುವುದಿಲ್ಲ. ಲಾಕ್‌ಫೈಲಿನಲ್ಲಿ (ಬಳಸುವ ನಂಬರುಗಳನ್ನು ಬರೆದಿಡುವ ಫೈಲ್) ಆಗಲೇ ಬರೆದುಕೊಂಡವರಿಗೆ ಸಿಗುತ್ತಲೇ ಇರುತ್ತದೆ.

ಇಡುವ ಜಾಗ

ಬೈನರಿಯನ್ನು ಗಿಟ್ ಒಳಗೇ ಕಮಿಟ್ ಮಾಡಬೇಡಿ. 20 ಎಂಬಿ ಫೈಲನ್ನು ಐವತ್ತು ಸಲ ಬದಲಿಸಿದರೆ ಸುಮಾರು ಐವತ್ತು ಪ್ರತಿಯೂ ಇತಿಹಾಸದಲ್ಲಿ ಕೂರುತ್ತವೆ. ಆಮೇಲೆ ಅಳಿಸಿದರೂ ಗಾತ್ರ ಇಳಿಯುವುದಿಲ್ಲ. ಗಿಟ್‌ಹಬ್ 100 ಎಂಬಿ ದಾಟಿದ ಫೈಲನ್ನು ತೆಗೆದುಕೊಳ್ಳುವುದೇ ಇಲ್ಲ. ಎಲ್‌ಎಫ್‌ಎಸ್ (ದೊಡ್ಡ ಫೈಲನ್ನು ರೆಪೋದ ಹೊರಗಿಡುವ ಗಿಟ್ ಸೌಲಭ್ಯ) ಬಳಸಿದರೆ ಗಾತ್ರದ ತೊಂದರೆ ತಪ್ಪುತ್ತದೆ. ಚಿತ್ರ, ಫಾಂಟುಗಳಿಗೆ ಅದು ಸರಿ. ಬಿಲ್ಡ್ ಆದ ಫೈಲಿಗೆ ಅದು ಜಾಗವಲ್ಲ.

ಹಂಚಿಕೆಯ ಫೋಲ್ಡರಿನಲ್ಲಿ ಯಾರು ಯಾವಾಗ ಏನು ಮೇಲೆ ಹಾಕಿದರು ಅಂತ ಕೇಳುವವರಿಲ್ಲ. ನಾನೇ ಸಾಕ್ಷಿ.

ಗಿಟ್‌ಹಬ್‌ನ ರಿಲೀಸ್ ಪುಟ ಸಣ್ಣ ತಂಡಕ್ಕೆ ಸಾಕು. ಒಂದೊಂದು ಫೈಲು 2 ಜಿಬಿಯೊಳಗಿದ್ದರೆ ಹಿಡಿಸುತ್ತದೆ, ಟ್ಯಾಗಿನ ಪಕ್ಕದಲ್ಲೇ ಕೂರುತ್ತದೆ. ಪ್ಯಾಕೇಜುಗಳು ಒಂದನ್ನೊಂದು ಕೇಳುವ ಮಟ್ಟಕ್ಕೆ ಬಂದಾಗ ನೆಕ್ಸಸ್, ಆರ್ಟಿಫ್ಯಾಕ್ಟರಿ ಥರದ ರಿಪಾಸಿಟರಿ ಬೇಕು. ಅವುಗಳಲ್ಲಿ ಸ್ನ್ಯಾಪ್‌ಶಾಟಿಗೂ ರಿಲೀಸಿಗೂ ಬೇರೆ ಬೇರೆ ಖಾನೆ ಮಾಡಬಹುದು. ರಿಲೀಸ್ ಖಾನೆಯಲ್ಲಿ ಒಮ್ಮೆ ಹಾಕಿದ ನಂಬರನ್ನು ಮತ್ತೆ ಹಾಕಲು ಬಿಡದಂತೆ ಮಾಡಬಹುದು. ಆ ಒಂದು ಸೆಟ್ಟಿಂಗ್ ಅವತ್ತು ಇದ್ದಿದ್ದರೆ ನನ್ನ ಶುಕ್ರವಾರದ ಸಾಹಸ ಒಂದು ಕೆಂಪು ಸಾಲಿನಲ್ಲಿ ಮುಗಿಯುತ್ತಿತ್ತು.

ರಿಲೀಸ್ ಖಾನೆಗೆ ಬರೆಯುವ ಅನುಮತಿ ಸಿಐಗೆ ಮಾತ್ರ ಇರಲಿ, ಮನುಷ್ಯರಿಗೆ ಬೇಡ. 2024ರ ಮಾರ್ಚಿನಲ್ಲಿ ಬಯಲಾದ, ಫೈಲ್ ಕುಗ್ಗಿಸುವ ಲೈಬ್ರರಿಯೊಂದರಲ್ಲಿ ಹಿಂಬಾಗಿಲು ಅಡಗಿಸಿದ್ದ ಎಕ್ಸ್‌ಝಡ್ ಪ್ರಕರಣ ನೆನಪಿದೆ ಅಲ್ವಾ? 5.6.0 ಮತ್ತು 5.6.1ರ ರಿಲೀಸ್ ಕಟ್ಟಿನಲ್ಲಿ ಒಂದು ಬಿಲ್ಡ್ ಸ್ಕ್ರಿಪ್ಟ್ ಇತ್ತು. ಗಿಟ್‌ನಲ್ಲಿ ಆ ಸಾಲುಗಳಿರಲಿಲ್ಲ. ಗಿಟ್ ಓದಿದವರಿಗೆ ಹಿಂಬಾಗಿಲ ಕೀಲಿ ಕಾಣಲೇ ಇಲ್ಲ. ಆಂಡ್ರೆಸ್ ಫ್ರೊಯಿಂಡ್ ಅನ್ನುವ ಪೋಸ್ಟ್‌ಗ್ರೆಸ್ ಎಂಜಿನಿಯರಿಗೆ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ನಿಧಾನವಾಯಿತು ಅನ್ನಿಸಿ, ಕೆದಕಿ ನೋಡಿದ್ದರಿಂದ ಸಿಕ್ಕಿತು. ಕೊಡುವ ಬೈನರಿ ಯಾವ ಕಮಿಟ್‌ನಿಂದ ಬಂತು ಅಂತ ತೋರಿಸಲು ಆಗಬೇಕು.

ಒಳಗೇ ಸೇರಿಸುವುದಾ, ಹೊರಗಿಡುವುದಾ

ರಶೀದಿ ಒಳಗೆ ಹಾರ್ಫ್‌ಬಝ್ ಅನ್ನುವ ಹೊರಗಿನ ಲೈಬ್ರರಿ ಇದೆ. ರ, ಹಲಂತ, ಚ, ಉಕಾರ ಅಂತ ಸಾಲಾಗಿ ಬಂದ ಯೂನಿಕೋಡನ್ನು ‘ರ್ಚು’ ಅಂತ ಕೂಡಿಸಿ, ಅರ್ಕಾವತ್ತನ್ನು ಬಲಕ್ಕೆ ಒಯ್ದು ಕೂರಿಸುವುದು ಅದರ ಕೆಲಸ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ಕನ್ನಡ ಕೂಡುವುದು ಇದರಿಂದಲೇ. ಫೈರ್‌ಫಾಕ್ಸ್ ತನ್ನ ಸೋರ್ಸಿನ ಒಳಗೇ ಅದರ ಪ್ರತಿ ಇಟ್ಟುಕೊಂಡಿದೆ. ಲಿನಕ್ಸಿನ ಬೇರೆ ಎಷ್ಟೋ ಆ್ಯಪ್‌ಗಳು ಒಎಸ್‌ನಲ್ಲಿರುವ ಒಂದೇ ಪ್ರತಿಯನ್ನು ಹಂಚಿಕೊಳ್ಳುತ್ತವೆ. ಹಾಗಾಗಿ ಒಂದೇ ಗಣಕದಲ್ಲಿ ಒಂದೇ ಪದ ಎರಡು ಥರ ಕಾಣುವುದು ಸಾಧ್ಯ.

ಹಂಚಿಕೊಂಡರೆ ಒಂದು ಕಡೆ ಸರಿಯಾದದ್ದು ಎಲ್ಲರಿಗೂ ಸರಿಯಾಗುತ್ತದೆ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಅನ್ನುವ ಭದ್ರತೆಯ ಲೈಬ್ರರಿಯ ತೂತು ಹಾರ್ಟ್‌ಬ್ಲೀಡ್ ಬಂದಾಗ ಒಎಸ್‌ನ ಓಪನ್‌ಎಸ್‌ಎಸ್‌ಎಲ್ ಬಳಸುತ್ತಿದ್ದವರಿಗೆ ಅಪ್‌ಡೇಟ್ ಮಾಡಿ ಸರ್ವಿಸ್ ಮತ್ತೆ ಶುರುಮಾಡಿದರೆ ತೂತು ಮುಚ್ಚಿತು. ಒಳಗೆ ಸೇರಿಸಿಕೊಂಡಿದ್ದವರು ಒಂದೊಂದನ್ನೂ ಮತ್ತೆ ಬಿಲ್ಡ್ ಮಾಡಬೇಕಾಯಿತು. 2021ರ ಡಿಸೆಂಬರಿನಲ್ಲಿ ಜಾವಾದ ಲಾಗ್ ಬರೆಯುವ ಲೈಬ್ರರಿ ಲಾಗ್4ಜೆ ತೂತಿಗೆ 2.15.0, 2.16.0, 2.17.0, 2.17.1 ಅಂತ ಒಂದೇ ತಿಂಗಳಲ್ಲಿ ಸಾಲಾಗಿ ಬಂದವು. ಅವತ್ತು ಜಾವಾದವರಿಗೆ ದೊಡ್ಡ ಕೆಲಸ ಅಂದರೆ ನಮ್ಮ ಯಾವ ಜಾರಿನ ಹೊಟ್ಟೆಯಲ್ಲಿ ಯಾವ ಜಾರಿದೆ ಅಂತ ಹುಡುಕುವುದೇ ಆಗಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾವು ಹಾರ್ಫ್‌ಬಝನ್ನು ರಶೀದಿಯ ಒಳಗೇ ಸೇರಿಸಿದೆವು. ಅಂಗಡಿಯ ಲಿನಕ್ಸ್ ಪೆಟ್ಟಿಗೆಯಲ್ಲಿ ಯಾವ ಕಾಲದ ಪ್ರತಿ ಇರುತ್ತದೋ ನಮ್ಮ ಕೈಯಲ್ಲಿಲ್ಲ, ಬಿಲ್ಲು ಮಾತ್ರ ಎಲ್ಲ ಕಡೆ ಒಂದೇ ಥರ ಬರಬೇಕು. ಓಪನ್‌ಎಸ್‌ಎಸ್‌ಎಲ್ ಆಗಿದ್ದರೆ ಸೇರಿಸುತ್ತಿರಲಿಲ್ಲ. ಭದ್ರತೆಯ ಲೈಬ್ರರಿ ಹೊರಗೆ, ರೂಪದ ಲೈಬ್ರರಿ ಒಳಗೆ ಅಂತ ನಮ್ಮ ಲೆಕ್ಕ. ಒಳಗೆ ಏನೇನು, ಯಾವ ನಂಬರಿನದು ಸೇರಿದೆ ಅಂತ ಪ್ರತಿ ರಿಲೀಸಿನ ಜೊತೆ ಒಂದು ಪಟ್ಟಿ ಸಿಐ ತಾನೇ ಮಾಡಿ ಇಡುತ್ತದೆ.

ನಮ್ಮದು ಈಗ ಹೀಗಿದೆ

ಕೌಂಟರ್ ಆ್ಯಪ್, ಲಿನಕ್ಸ್ ಪೆಟ್ಟಿಗೆ, ರಶೀದಿ ಮೂರೂ ಒಂದೇ ರೆಪೋ. ಆ ಹದಿನಾಲ್ಕು ಬದಲಾವಣೆಗಳೆಲ್ಲ ಈ ಮೂರರ ನಡುವಿನವೇ. ಸರ್ವರ್ ತಂಡ ಬೇರೆ, ಅವರ ರಿಲೀಸ್ ದಿನ ಬೇರೆ, ರಶೀದಿಯಲ್ಲಿ ಅವರಿಗೆ ಬೇಕಾದ್ದು ಎರಡು ಫಂಕ್ಷನ್. ಅವರಿಗೆ ಕೋನನ್ ಪ್ಯಾಕೇಜ್. ಈಗಲೂ ಅವರು ಎರಡು ನಂಬರ್ ಹಿಂದಿದ್ದಾರೆ, ಅದರಿಂದ ಯಾರಿಗೂ ತೊಂದರೆಯಿಲ್ಲ. ಸಬ್‌ಮಾಡ್ಯೂಲ್ ತೆಗೆದೆವು, ಯಾರೂ ಕೇಳಲಿಲ್ಲ.

‘ಅಬೌಟ್’ನಲ್ಲಿ ಈಗ ನಂಬರಿನ ಕೊನೆಗೆ ಪ್ಲಸ್ ಹಾಕಿ ಕಮಿಟ್ ಐಡಿಯ ಮೊದಲ ಏಳು ಅಕ್ಷರವೂ ಬರುತ್ತದೆ. ಫೋನಿನಲ್ಲಿ ಓದಿಸಿಕೊಳ್ಳುವುದು ಕಷ್ಟವಾಯಿತು. ಬಿ, ಸಿ, ಡಿ, ಇ ನಾಲ್ಕೂ ಒಂದೇ ಥರ ಕೇಳಿಸುತ್ತವೆ. ಹಾಗಾಗಿ ಟೆಸ್ಟ್ ಪ್ರಿಂಟ್ ಒತ್ತಿದರೆ ಬಿಲ್ಲಿನ ಕೊನೆಯಲ್ಲೇ ಅಚ್ಚಾಗುವಂತೆ ಮಾಡಿದೆವು. ಅದರ ಮೇಲಿನ ಸಾಲಿನಲ್ಲಿ ‘ಸಾಗಣೆ ಖರ್ಚು’ ಇದೆ. ಅಂಗಡಿಯವರು ಫೋಟೋ ತೆಗೆದು ವಾಟ್ಸಾಪ್ ಮಾಡುತ್ತಾರೆ.